ಹುಣ್ಣಿಮೆಯ ಚಂದ್ರ ಕೆಲವೊಮ್ಮೆ ಏಕೆ ದೊಡ್ಡದಾಗಿ ಕಾಣುತ್ತಾನೆ?

2016ರ ನವೆಂಬರ್ 14, ಕಾರ್ತಿಕ ಹುಣ್ಣಿಮೆ. ಅಂದು ಸಂಜೆ ಐದು ಗಂಟೆಗೆ ಸ್ವಲ್ಪ ಮೊದಲು ಚಂದ್ರನು ಭೂಮಿಯಿಂದ 3,56,509 ಕಿ.ಮೀ. ದೂರಕ್ಕೆ ಬಂದಿದ್ದನು. ಸುಮಾರು ಎರಡೂವರೆ ಗಂಟೆಯ ಬಳಿಕ, 7.22ಕ್ಕೆ, ಹುಣ್ಣಿಮೆ ಪೂರ್ಣವಾಯಿತು. 1948ರ ಜನವರಿ 26ರ ನಂತರ ಹುಣ್ಣಿಮೆಯ ಚಂದ್ರ ಭೂಮಿಗೆ ಇಷ್ಟು ಸಮೀಪ ಬಂದದ್ದು ಅದೇ ಮೊದಲು. ನೋಟು ರದ್ದತಿಯ ಸುದ್ದಿಗಳೇ ತುಂಬಿದ್ದ ಆ ವಾರದ ಪತ್ರಿಕೆಗಳಲ್ಲಿಯೂ ‘ಸೂಪರ್ ಮೂನ್’ ತನ್ನ ಜಾಗವನ್ನು ಗಿಟ್ಟಿಸಿಕೊಂಡಿತು.

ಅಂದು ಪೂರ್ವ ದಿಗಂತದಲ್ಲಿ ಮೂಡಿದ ಭಾರಿ ಚಂದ್ರಬಿಂಬವನ್ನು ಕಂಡು ಬೆರಗಾದವರು ವಾಸ್ತವವಾಗಿ ಎರಡು ಬೇರೆ ಬೇರೆ ವಿದ್ಯಮಾನಗಳನ್ನು ಒಟ್ಟಿಗೆ ಕಂಡಿದ್ದರು. ಒಂದು ಆಕಾಶದಲ್ಲಿ ನಡೆಯುವಂಥದು, ಅದನ್ನು ಅಳೆಯಬಹುದು. ಇನ್ನೊಂದು ನೋಡುವವರ ಮಿದುಳಿನಲ್ಲಿ ನಡೆಯುವಂಥದು; ಅದು ಪ್ರತಿ ಹುಣ್ಣಿಮೆಯಂದೂ ನಡೆಯುತ್ತದೆ. ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳ ವರದಿಗಳಲ್ಲಿ ಈ ಎರಡೂ ಬೆರೆತುಹೋಗಿರುವುದರಿಂದ ಓದುಗರಲ್ಲಿ ಅನೇಕ ತಪ್ಪು ಕಲ್ಪನೆಗಳು ಉಳಿದುಕೊಂಡಿವೆ. ಕೆಲವೊಮ್ಮೆ ಅನಗತ್ಯ ಭಯವೂ ಹುಟ್ಟಿದೆ.

ದೂರದ ಲೆಕ್ಕ

ಭೂಮಿಯಿಂದ ಚಂದ್ರನಿಗಿರುವ ಸರಾಸರಿ ದೂರ 3,84,400 ಕಿ.ಮೀ. ಚಂದ್ರನ ಪಥ ವೃತ್ತಾಕಾರವಾಗಿಲ್ಲ; ಅದು ದೀರ್ಘವೃತ್ತ. ಭೂಮಿ ಅದರ ನಟ್ಟನಡುವೆಯೂ ಇಲ್ಲ. ಹೀಗಾಗಿ ಪ್ರತಿ ಸುತ್ತಿನಲ್ಲಿಯೂ ಚಂದ್ರನು ಒಮ್ಮೆ ಭೂಮಿಗೆ ಹತ್ತಿರ ಬರುತ್ತಾನೆ, ಒಮ್ಮೆ ದೂರ ಸರಿಯುತ್ತಾನೆ. ಹತ್ತಿರದ ದೂರ ಸುಮಾರು 3,56,400ರಿಂದ 3,70,400 ಕಿ.ಮೀ. ನಡುವೆ, ಅತಿ ದೂರದ ಅಂತರ 4,04,000ರಿಂದ 4,06,700 ಕಿ.ಮೀ. ನಡುವೆ ಬದಲಾಗುತ್ತಿರುತ್ತದೆ. ಈ ಬದಲಾವಣೆಗೆ ಕಾರಣ ಸೂರ್ಯನ ಸೆಳೆತ. ಚಂದ್ರಪಥದ ಉದ್ದನೆಯ ಅಕ್ಷವು ಸೂರ್ಯನ ದಿಕ್ಕಿಗೆ ತಿರುಗಿದ್ದಾಗ ಆ ಪಥ ಇನ್ನಷ್ಟು ಹಿಗ್ಗುತ್ತದೆ. ಸಮೀಪದ ಬಿಂದು ಹುಣ್ಣಿಮೆ ಅಥವಾ ಅಮಾವಾಸ್ಯೆಯೊಡನೆ ಕೂಡಿಬರುವುದು ಆಗಲೇ. ಆದುದರಿಂದ ಸಮೀಪದ ಹುಣ್ಣಿಮೆ ಎಂದರೆ ಸಾಮಾನ್ಯವಾಗಿ ಅತಿ ಸಮೀಪದ ಹುಣ್ಣಿಮೆಯೇ ಆಗಿರುತ್ತದೆ.

ಈ ವಿಚಾರ ನಮ್ಮ ಪಂಚಾಂಗಕರ್ತರಿಗೆ ಹೊಸದಲ್ಲ. ಚಂದ್ರಪಥದ ಅತಿ ದೂರದ ಬಿಂದುವನ್ನು ಸಿದ್ಧಾಂತ ಗ್ರಂಥಗಳು ‘ಉಚ್ಚ’ ಎಂದು ಕರೆಯುತ್ತವೆ. ಈ ಬಿಂದು ಸ್ಥಿರವಾಗಿರದೆ ತಾನೂ ನಿಧಾನವಾಗಿ ಸುತ್ತುತ್ತದೆ ಎಂಬುದನ್ನು ಆರ್ಯಭಟ ಬಲ್ಲವನಾಗಿದ್ದನು. 43,20,000 ವರ್ಷಗಳ ಮಹಾಯುಗದಲ್ಲಿ ಚಂದ್ರೋಚ್ಚವು 4,88,219 ಸುತ್ತು ಹಾಕುತ್ತದೆ ಎಂಬುದು ‘ಆರ್ಯಭಟೀಯ’ದ ಲೆಕ್ಕ. ಭಾಗಿಸಿ ನೋಡಿದರೆ ಒಂದು ಸುತ್ತಿಗೆ 8.85 ವರ್ಷ ಬರುತ್ತದೆ. ಇಂದಿನ ಖಗೋಳ ವಿಜ್ಞಾನ ನೀಡುವ ಅಂಕಿಯೂ ಅದೇ. ತಿಥಿಗಳು ಒಮ್ಮೆ 20 ಗಂಟೆಗೇ ಮುಗಿದು, ಇನ್ನೊಮ್ಮೆ 26 ಗಂಟೆ ದಾಟುವುದಕ್ಕೂ ಮುಖ್ಯ ಕಾರಣ ಇದೇ. ಭೂಮಿಗೆ ಹತ್ತಿರವಿದ್ದಾಗ ಚಂದ್ರನ ವೇಗ ಹೆಚ್ಚುತ್ತದೆ, ತಿಥಿ ಬೇಗನೆ ಕಳೆಯುತ್ತದೆ. ದೊಡ್ಡ ಚಂದ್ರ ಕಾಣುವ ಹುಣ್ಣಿಮೆಯ ತಿಥಿ ಮೊಟಕಾಗಿರುವುದನ್ನು ಮನೆಯ ಪಂಚಾಂಗದಲ್ಲಿಯೇ ಗುರುತಿಸಬಹುದು.

ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಸಮೀಪದ ಬಿಂದುವಿನಿಂದ ಮತ್ತೆ ಅದೇ ಬಿಂದುವಿಗೆ 27.55 ದಿನ. ಮೊದಲನೆಯದರ 14 ಆವರ್ತಗಳೂ ಎರಡನೆಯದರ 15 ಆವರ್ತಗಳೂ ಹೆಚ್ಚುಕಡಿಮೆ ಸಮ, ಎರಡೂ 413 ದಿನಗಳ ಸುಮಾರಿಗೆ ಬರುತ್ತವೆ. ಹಾಗಾಗಿ ಅತಿ ಸಮೀಪದ ಹುಣ್ಣಿಮೆಯು ಒಂದು ವರ್ಷ ಒಂದೂವರೆ ತಿಂಗಳಿಗೊಮ್ಮೆ ಮರಳಿ ಬರುತ್ತದೆ. 2011ರ ಮಾರ್ಚ್ 19, 2012ರ ಮೇ 6, 2013ರ ಜೂನ್ 23, 2014ರ ಆಗಸ್ಟ್ 10, 2015ರ ಸೆಪ್ಟೆಂಬರ್ 28, 2016ರ ನವೆಂಬರ್ 14 - ಈ ದಿನಾಂಕಗಳನ್ನು ಗಮನಿಸಿದರೆ ಕ್ರಮ ತಾನಾಗಿಯೇ ತಿಳಿಯುತ್ತದೆ.

ಅಂದಮೇಲೆ 68 ವರ್ಷಗಳ ದಾಖಲೆ ಎಂದು 2016ರಲ್ಲಿ ಸಾರಿದ್ದು ಸುಳ್ಳೇ? ಸುಳ್ಳಲ್ಲ. ಆದರೆ 1948ರಲ್ಲಿ ಚಂದ್ರನಿದ್ದ ದೂರ 3,56,461 ಕಿ.ಮೀ.; 2016ರದಕ್ಕಿಂತ ಕೇವಲ 48 ಕಿ.ಮೀ. ಕಡಿಮೆ. ಬೆಂಗಳೂರಿನಿಂದ ರಾಮನಗರಕ್ಕೆ ಇರುವಷ್ಟು ದೂರ. ಮೂರೂವರೆ ಲಕ್ಷ ಕಿ.ಮೀ.ಗಳಲ್ಲಿ ಅಷ್ಟು ವ್ಯತ್ಯಾಸವನ್ನು ಕಣ್ಣು ಗ್ರಹಿಸುವುದು ಅಸಾಧ್ಯ. ಇಪ್ಪತ್ತನೇ ಶತಮಾನದ ಅತಿ ಸಮೀಪದ ಹುಣ್ಣಿಮೆಯಾದ 1912ರ ಜನವರಿ 4ರಂದು ಕೂಡ ಚಂದ್ರನು 3,56,375 ಕಿ.ಮೀ. ದೂರದಲ್ಲಿದ್ದನು.

ಶೇ. 14 ಎಂದರೆ ಎಷ್ಟು?

‘ಸೂಪರ್ ಮೂನ್’ ಎಂಬ ಪದ ಖಗೋಳ ವಿಜ್ಞಾನಿಗಳದ್ದಲ್ಲ. 1979ರಲ್ಲಿ ಅಮೆರಿಕದ ಜ್ಯೋತಿಷಿ ರಿಚರ್ಡ್ ನೋಲೆ ಅದನ್ನು ಬಳಕೆಗೆ ತಂದರು. ಅವರ ವ್ಯಾಖ್ಯೆ ಸಾಕಷ್ಟು ಸಡಿಲವಾಗಿರುವುದರಿಂದ ವರ್ಷಕ್ಕೆ ಮೂರು ನಾಲ್ಕು ಹುಣ್ಣಿಮೆಗಳು ಅದರೊಳಗೆ ಸೇರಿಬಿಡುತ್ತವೆ. ಆದಾಗ್ಯೂ ಪ್ರತಿ ಬಾರಿಯೂ ‘ಅಪರೂಪದ ದೃಶ್ಯ’ ಎಂಬ ಶೀರ್ಷಿಕೆ ಮಾತ್ರ ತಪ್ಪುವುದಿಲ್ಲ.

ಇಂಥ ಚಂದ್ರ ಶೇ. 14ರಷ್ಟು ದೊಡ್ಡದಾಗಿ, ಶೇ. 30ರಷ್ಟು ಪ್ರಕಾಶಮಾನವಾಗಿ ಕಾಣುತ್ತಾನೆ ಎಂಬ ಅಂಕಿಗಳು ಸರಿಯಾದವೇ. ಆದರೆ ಅವು ಅತಿ ದೂರದ ಹುಣ್ಣಿಮೆಯೊಡನೆ ಹೋಲಿಸಿದಾಗ ಮಾತ್ರ ದೊರೆಯುವ ಅಂಕಿಗಳು. ಸರಾಸರಿ ಹುಣ್ಣಿಮೆಯೊಡನೆ ಹೋಲಿಸಿದರೆ ವ್ಯಾಸದಲ್ಲಿ ಹೆಚ್ಚಳ ಶೇ. 7ರಷ್ಟು, ಪ್ರಕಾಶದಲ್ಲಿ ಶೇ. 15ರ ಆಸುಪಾಸು. ಈ ಮಾತನ್ನು ವರದಿಗಳು ಹೇಳುವುದು ಕಡಿಮೆ.

ವ್ಯತ್ಯಾಸವನ್ನು ಮನೆಯಲ್ಲಿಯೇ ಕಾಣಬಹುದು. 2011ರಲ್ಲಿ ಬಂದ ಸರಣಿಯ ಒಂದು ರೂಪಾಯಿ ನಾಣ್ಯದ ವ್ಯಾಸ 22 ಮಿ.ಮೀ., ಎರಡು ರೂಪಾಯಿ ನಾಣ್ಯದ್ದು 25 ಮಿ.ಮೀ. ಇವೆರಡನ್ನೂ ಗೋಡೆಗೆ ಅಂಟಿಸಿ ಎಂಟೂವರೆ ಅಡಿ ದೂರ ನಿಂತು ನೋಡಿ. ಒಂದು ರೂಪಾಯಿ ಅತಿ ದೂರದ ಹುಣ್ಣಿಮೆಯ ಚಂದ್ರನಷ್ಟು, ಎರಡು ರೂಪಾಯಿ ಅತಿ ಸಮೀಪದ ಚಂದ್ರನಷ್ಟು ಕಾಣುತ್ತದೆ. ಅಕ್ಕಪಕ್ಕದಲ್ಲಿದ್ದಾಗ ಅಂತರ ಸ್ಪಷ್ಟ. ಒಂದನ್ನು ಮಾತ್ರ ಇಟ್ಟು, ಆರು ತಿಂಗಳ ಬಳಿಕ ಇನ್ನೊಂದನ್ನು ತೋರಿಸಿದರೆ ಹೇಳಬಲ್ಲವರು ವಿರಳ. ಆಕಾಶದಲ್ಲಿ ಎರಡು ಚಂದ್ರರನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಯಾರಿಗೂ ಇಲ್ಲ.

ದಿಗಂತದ ಭ್ರಮೆ

ಹಾಗಿದ್ದರೆ ಮರಗಳ ಸಾಲಿನ ಹಿಂದೆ, ಕಟ್ಟಡಗಳ ನಡುವೆ ಕೆಂಪಗೆ ಮೂಡುವ ಚಂದ್ರ ಬಂಡಿಯ ಚಕ್ರದಷ್ಟು ದೊಡ್ಡದಾಗಿ ಕಾಣುವುದು ಏಕೆ? ಅದೇ ಚಂದ್ರ ಮಧ್ಯರಾತ್ರಿ ನೆತ್ತಿಯ ಮೇಲೆ ಬಂದಾಗ ಸಣ್ಣ ಬಿಲ್ಲೆಯಂತೆ ಕಾಣುವುದು ಏಕೆ? ಕಣ್ಣಿನ ಅಂದಾಜಿನಲ್ಲಿ ದಿಗಂತದ ಚಂದ್ರನು ನೆತ್ತಿಯ ಚಂದ್ರನ ಒಂದೂಕಾಲು ಪಟ್ಟಿನಿಂದ ಒಂದೂವರೆ ಪಟ್ಟಿನವರೆಗೆ ದೊಡ್ಡವನು. ಸಮೀಪದ ಹುಣ್ಣಿಮೆಯಿಂದ ದೊರೆಯುವ ನಿಜವಾದ ಹೆಚ್ಚಳಕ್ಕಿಂತ ಇದು ಎಷ್ಟೋ ಪಾಲು ಅಧಿಕ. ಆದರೆ ಅಳತೆ ಬೇರೆಯದನ್ನೇ ಹೇಳುತ್ತದೆ. ಚಂದ್ರನು ನೆತ್ತಿಯ ಮೇಲಿದ್ದಾಗ ನಾವು ದಿಗಂತದ ಹೊತ್ತಿಗಿಂತ ಅವನಿಗೆ ಸುಮಾರು ಒಂದು ಭೂತ್ರಿಜ್ಯದಷ್ಟು, ಅಂದರೆ 6,371 ಕಿ.ಮೀ. ಹತ್ತಿರವಿರುತ್ತೇವೆ. ಆ ಲೆಕ್ಕದಲ್ಲಿ ಮೂಡುವ ಚಂದ್ರನೇ ಶೇ. 1.7ರಷ್ಟು ಚಿಕ್ಕವನು!

ವಾತಾವರಣವು ಭೂತಗನ್ನಡಿಯಂತೆ ಬಿಂಬವನ್ನು ಹಿಗ್ಗಿಸುತ್ತದೆ ಎಂಬ ವಿವರಣೆ ಬಹಳ ಹಳೆಯದು. ಇಂದಿಗೂ ಶಾಲೆಗಳಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ವಾಯುಮಂಡಲದಲ್ಲಿ ಬೆಳಕು ಬಾಗುವುದರಿಂದ ದಿಗಂತದ ಚಂದ್ರಬಿಂಬ ಮೇಲಿನಿಂದ ಕೆಳಕ್ಕೆ ತುಸು ಅದುಮಿದಂತಾಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಕೆಂಪು ಬಣ್ಣ ಮಾತ್ರ ವಾತಾವರಣದ ಕೊಡುಗೆ. ಬೆಳಕು ದಪ್ಪನೆಯ ಗಾಳಿ ಮತ್ತು ಧೂಳಿನ ಪದರವನ್ನು ದಾಟಿ ಬರುವಾಗ ಅದರ ನೀಲಿ ಭಾಗ ಚೆದುರಿಹೋಗುತ್ತದೆ.

ಹನ್ನೊಂದನೇ ಶತಮಾನದಲ್ಲಿಯೇ ಅರಬ್ ವಿದ್ವಾಂಸ ಇಬ್ನ್ ಅಲ್ ಹೈಥಮ್ ಇದು ದೃಷ್ಟಿಭ್ರಮೆಯೆಂದು ವಾದಿಸಿದ್ದನು. ಆಕಾಶವು ನಮಗೆ ಅರೆಗೋಳದಂತೆ ಕಾಣದೆ ಚಪ್ಪಟೆಯಾದ ಚಾವಣಿಯಂತೆ ಭಾಸವಾಗುತ್ತದೆ. ನೆತ್ತಿಯ ಭಾಗ ಹತ್ತಿರ, ದಿಗಂತದ ಅಂಚು ಬಹುದೂರ ಎಂದು ಮನಸ್ಸು ಎಣಿಸುತ್ತದೆ. ಒಂದೇ ಅಳತೆಯ ಎರಡು ಬಿಂಬಗಳಲ್ಲಿ ದೂರದ್ದೆಂದು ಎಣಿಸಿದ್ದನ್ನು ಮಿದುಳು ದೊಡ್ಡದೆಂದು ತೀರ್ಮಾನಿಸುತ್ತದೆ. ರೈಲು ಹಳಿಗಳ ಚಿತ್ರದ ಮೇಲೆ ಸಮಾನ ಉದ್ದದ ಎರಡು ಅಡ್ಡಗೆರೆ ಎಳೆದರೆ, ಹಳಿಗಳು ಕೂಡಿಕೊಳ್ಳುವ ಕಡೆಯ ಗೆರೆ ಉದ್ದವಾಗಿ ತೋರುವುದು ಇದೇ ಕಾರಣದಿಂದ. 1962ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲಾಯ್ಡ್ ಕಾಫ್‌ಮನ್ ಮತ್ತು ಇರ್ವಿನ್ ರಾಕ್ ಕೃತಕ ಚಂದ್ರಬಿಂಬಗಳನ್ನು ಬಳಸಿ ಪ್ರಯೋಗ ನಡೆಸಿದರು. ನಡುವಿನ ನೆಲ, ಮರ, ಕಟ್ಟಡಗಳ ದೃಶ್ಯವನ್ನು ಮರೆಮಾಡಿದಾಗ ಭ್ರಮೆಯೂ ಕರಗಿತು. ಈ ವಿವರಣೆಯಲ್ಲಿ ಒಂದು ತೊಡಕು ಉಳಿದಿದೆ. ದಿಗಂತದ ಚಂದ್ರ ಹತ್ತಿರವಿದ್ದಾನೆಯೇ ದೂರವಿದ್ದಾನೆಯೇ ಎಂದು ಕೇಳಿದರೆ ಹೆಚ್ಚಿನವರು ‘ಹತ್ತಿರ’ ಎನ್ನುತ್ತಾರೆ! ಆದುದರಿಂದ ಈ ಚರ್ಚೆ ಮನೋವಿಜ್ಞಾನಿಗಳ ನಡುವೆ ಪೂರ್ತಿಯಾಗಿ ಮುಗಿದಿಲ್ಲ.

ಭ್ರಮೆಯನ್ನು ಪರೀಕ್ಷಿಸುವುದು ಸುಲಭ. ಮೂಡುವ ಚಂದ್ರನನ್ನು ಸುರುಳಿ ಸುತ್ತಿದ ಕಾಗದದ ಕೊಳವೆಯ ಮೂಲಕ ನೋಡಿದರೆ ಬಿಂಬ ಕುಗ್ಗಿದಂತೆ ತೋರುತ್ತದೆ. ತೋಳು ಚಾಚಿ ಹಿಡಿದ ಪೆನ್ಸಿಲ್ಲಿನ ದಪ್ಪವೇ ಅವನನ್ನು ಮರೆಮಾಡಲು ಸಾಕು. ಮಧ್ಯರಾತ್ರಿಯಲ್ಲಿಯೂ ಅದೇ ಪೆನ್ಸಿಲ್ ಅಷ್ಟೇ ಮರೆಮಾಡುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಚಂದ್ರ ಚುಕ್ಕೆಯಂತೆ ಬಂದು ನಿರಾಸೆ ಮೂಡಿಸುವುದೂ ಇದೇ ಕಾರಣದಿಂದ, ಕ್ಯಾಮೆರಾಕ್ಕೆ ಈ ಭ್ರಮೆಯಿಲ್ಲ. ದೇವಾಲಯದ ಗೋಪುರವನ್ನೇ ಮರೆಮಾಡುವಂತಹ ಚಂದ್ರನ ಛಾಯಾಚಿತ್ರಗಳು ಒಂದೆರಡು ಕಿ.ಮೀ. ದೂರದಿಂದ ಟೆಲಿಫೋಟೊ ಮಸೂರದಲ್ಲಿ ತೆಗೆದವು. ದೂರ ಹೋದಂತೆ ಗೋಪುರ ಚಿಕ್ಕದಾಗುತ್ತದೆ, ಚಂದ್ರ ಆಗುವುದಿಲ್ಲ.

ಪ್ರಕಾಶದ ಮಾತು

ದಿಗಂತದ ಚಂದ್ರ ದೊಡ್ಡದಾಗಿ ಕಂಡರೂ ಮಂಕಾಗಿರುತ್ತಾನೆ. ನಿಜವಾದ ಬೆಳದಿಂಗಳು ಅವನು ಮೇಲೇರಿದ ಬಳಿಕ. ಚಂದ್ರನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಿರುಗಿಸುವುದು ಶೇ. 12ರಷ್ಟನ್ನು ಮಾತ್ರ, ಹಳೆಯ ಡಾಂಬರು ರಸ್ತೆಗೆ ಸಮಾನ. ಸೂರ್ಯನಿಗಿಂತ ಹುಣ್ಣಿಮೆಯ ಚಂದ್ರನ ಬೆಳಕು ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಆದರೂ ಹುಣ್ಣಿಮೆಗೆ ಒಂದು ವಿಶೇಷವಿದೆ. ಅರ್ಧಚಂದ್ರನ ಬೆಳಕು ಪೂರ್ಣಚಂದ್ರನ ಅರ್ಧದಷ್ಟಿರುವುದಿಲ್ಲ, ಹತ್ತನೇ ಒಂದು ಭಾಗದ ಸುಮಾರಿಗೆ ಇರುತ್ತದೆ. ಹುಣ್ಣಿಮೆಯಂದು ಸೂರ್ಯ ನಮ್ಮ ಬೆನ್ನ ಹಿಂದಿದ್ದು, ಚಂದ್ರನ ಮೇಲಿನ ಬಂಡೆ ಮತ್ತು ಧೂಳಿನ ಕಣಗಳ ನೆರಳುಗಳು ಆ ಕಣಗಳ ಹಿಂದೆಯೇ ಅಡಗುತ್ತವೆ. ನೆರಳಿಲ್ಲದ ನೆಲ ಥಟ್ಟನೆ ಬೆಳಗುತ್ತದೆ.

ಋತುವೂ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದ ಹುಣ್ಣಿಮೆಯ ಚಂದ್ರ ನಮ್ಮ ಕರ್ನಾಟಕದಲ್ಲಿ ನೆತ್ತಿಯ ಸಮೀಪದವರೆಗೆ ಏರುತ್ತಾನೆ. ಜೂನ್ ತಿಂಗಳಲ್ಲಿ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಜನವರಿಯ ಮೊದಲ ವಾರದಲ್ಲಿ ಭೂಮಿ ಮತ್ತು ಚಂದ್ರ ಸೂರ್ಯನಿಗೆ ಅತಿ ಸಮೀಪದಲ್ಲಿದ್ದು, ಜುಲೈಗಿಂತ ಶೇ. 7ರಷ್ಟು ಹೆಚ್ಚು ಬಿಸಿಲನ್ನು ಪಡೆಯುತ್ತವೆ. ಮಳೆಗಾಲ ಮುಗಿದು ಧೂಳು ತೊಳೆದುಹೋದ ಆಕಾಶ ಇದಕ್ಕೆ ಜೊತೆಯಾಗುತ್ತದೆ.

ಭಯಕ್ಕೆ ಕಾರಣವಿದೆಯೇ?

2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೀಕರ ಭೂಕಂಪ ಮತ್ತು ಸುನಾಮಿ ಸಂಭವಿಸಿತು. ಎಂಟು ದಿನಗಳ ಬಳಿಕ, ಮಾರ್ಚ್ 19ರ ಹೋಳಿ ಹುಣ್ಣಿಮೆಯಂದು ಸಮೀಪದ ಚಂದ್ರ. ಎರಡಕ್ಕೂ ಗಂಟು ಹಾಕಿದ ವದಂತಿಗಳು ಜಗತ್ತಿನಾದ್ಯಂತ ಹಬ್ಬಿದವು. ಆದರೆ ಭೂಕಂಪದ ದಿನ ಚಂದ್ರನು ಸರಾಸರಿಗಿಂತಲೂ ದೂರದಲ್ಲಿದ್ದನು. 2004ರ ಡಿಸೆಂಬರ್ 26ರ ಸುನಾಮಿಯ ವಿಚಾರ ಇನ್ನೂ ಗಮನಾರ್ಹ. ಅಂದು ಹುಣ್ಣಿಮೆಯೇನೋ ಹೌದು, ಆದರೆ ಮರುದಿನವೇ ಚಂದ್ರನು ತನ್ನ ಪಥದ ಅತಿ ದೂರದ ಬಿಂದುವನ್ನು ಮುಟ್ಟಿದನು. ಅಂದರೆ ಅದು ಆ ವರ್ಷದ ಚಿಕ್ಕ ಹುಣ್ಣಿಮೆಗಳಲ್ಲೊಂದು.

ಉಬ್ಬರವಿಳಿತದ ಸೆಳೆತಕ್ಕೂ ದೊಡ್ಡ ಭೂಕಂಪಗಳಿಗೂ ಸಂಬಂಧವೇ ಇಲ್ಲವೆಂದಲ್ಲ. 2016ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸತೋಶಿ ಇಡೆ ಮತ್ತು ಸಂಗಡಿಗರು, ಸೆಳೆತ ತೀವ್ರವಾಗಿರುವ ದಿನಗಳಲ್ಲಿ ಆರಂಭವಾದ ಸಣ್ಣ ಬಿರುಕು ದೊಡ್ಡ ಭೂಕಂಪವಾಗಿ ಬೆಳೆಯುವ ಸಂಭವ ತುಸು ಹೆಚ್ಚು ಎಂಬ ಅಂಕಿಅಂಶದ ಸುಳಿವನ್ನು ಪ್ರಕಟಿಸಿದರು. ಸೆಳೆತದ ತೀವ್ರತೆ ಪ್ರತಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಬರುವಂಥದು. ಇದರಿಂದ ಯಾವ ಊರಿಗೂ ಯಾವ ದಿನಕ್ಕೂ ಮುನ್ಸೂಚನೆ ನೀಡಲಾಗದು.

ಸಮೀಪದ ಹುಣ್ಣಿಮೆಯ ಪರಿಣಾಮ ನಿಶ್ಚಿತವಾಗಿ ಕಾಣುವುದು ಸಮುದ್ರದಲ್ಲಿ. ಉಬ್ಬರವನ್ನು ಎಬ್ಬಿಸುವ ಚಂದ್ರನ ಬಲ ದೂರದ ಘನಕ್ಕೆ ವಿಲೋಮವಾಗಿರುವುದರಿಂದ, ಅಂದು ಅದು ಸರಾಸರಿಗಿಂತ ಕಾಲು ಭಾಗದಷ್ಟು ಹೆಚ್ಚಿರುತ್ತದೆ. ಏರಿಳಿತ ಹತ್ತು ಮೀಟರ್ ಮುಟ್ಟುವ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದು ದೊಡ್ಡ ಸಂಗತಿಯೇ. ಏರಿಳಿತ ಎರಡು ಮೀಟರಿಗಿಂತ ಕಡಿಮೆಯಿರುವ ಮಂಗಳೂರಿನಲ್ಲಿ ಹೆಚ್ಚುವರಿ ನೀರು ಸೆಂಟಿಮೀಟರುಗಳ ಲೆಕ್ಕದಲ್ಲಿಯೇ ಉಳಿಯುತ್ತದೆ. ಅದೇ ಹೊತ್ತಿಗೆ ಮುಂಗಾರಿನ ಬಿರುಗಾಳಿಯೂ ಎತ್ತರದ ಅಲೆಗಳೂ ಕೂಡಿಕೊಂಡರೆ ಉಳ್ಳಾಲದಂತಹ ಕಡಲ್ಕೊರೆತದ ತೀರಗಳಲ್ಲಿ ಆ ಸೆಂಟಿಮೀಟರುಗಳಿಗೂ ಬೆಲೆ ಬರುತ್ತದೆ. ದೊಡ್ಡ ಉಬ್ಬರ ಹುಣ್ಣಿಮೆಯ ದಿನವೇ ಬರಬೇಕೆಂದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಬರುತ್ತದೆ.

2016ರ ಚಂದ್ರನಿಗಿಂತ ಸಮೀಪದ ಹುಣ್ಣಿಮೆ 2034ರ ನವೆಂಬರ್ 25ರಂದು ಬರಲಿದೆ. ಭಾರತೀಯ ಕಾಲಮಾನದಲ್ಲಿ ಹುಣ್ಣಿಮೆ ಪೂರ್ಣವಾಗುವುದು ಮರುದಿನ ನಸುಕಿನ ನಾಲ್ಕು ಗಂಟೆಯ ಸುಮಾರಿಗೆ. ಆಗ ಚಂದ್ರನು ಪಶ್ಚಿಮದ ಆಕಾಶದಲ್ಲಿರುತ್ತಾನೆ.