ಸಿಡಿಯದ ಬಾಂಬಿನ ಕಸುಬು

ಪುಣೆಯ ಮರಾಠಿ ಪತ್ರಿಕೆಗಳು ಮಾರ್ಟರ್ ಅನ್ನು ‘ಉಖಳಿ ತೋಫ್’ ಎನ್ನುತ್ತವೆ. ಉಖಳ ಎಂದರೆ ಒರಳು. ಇಂಗ್ಲಿಷಿನ ಮಾರ್ಟರ್ ಕೂಡ ಅಡುಗೆಮನೆಯಿಂದಲೇ ರಣರಂಗಕ್ಕೆ ಹೋದ ಪದ. ಅದರ ಮೂಲ ಲ್ಯಾಟಿನ್ನಿನ ಮೊರ್ಟಾರಿಯಂ, ಅಂದರೆ ಕುಟ್ಟುವ ಕಲ್ಲು. ಕೋಟೆಗಳ ಮುತ್ತಿಗೆಗೆ ಬಳಸುತ್ತಿದ್ದ ಹಳೆಯ ಮಾರ್ಟರ್‌ಗಳು ನಿಜಕ್ಕೂ ಒರಳಿನಂತೆಯೇ ಇದ್ದವು: ಗಿಡ್ಡ, ದಪ್ಪ, ಬಾಯಿ ಆಕಾಶಕ್ಕೆ. ಕನ್ನಡ ಪತ್ರಿಕೆಗಳು ಒರಳಿನ ತಂಟೆಗೆ ಹೋಗದೆ ಮಾರ್ಟರ್ ಎಂದೇ ಬರೆಯುತ್ತ ಬಂದಿವೆ. ಒರಳು ಎಂದಿದ್ದರೆ ಒಂದು ಅನುಕೂಲವಿತ್ತು. ಬೇರೆ ಫಿರಂಗಿಗಳಿಗೆ ಗುಂಡನ್ನು ಹಿಂದಿನಿಂದ ತುಂಬುತ್ತಾರೆ. ಇಂದಿನ ಪದಾತಿದಳದ ಮಾರ್ಟರ್‌ಗೆ ಮಾತ್ರ ಬಾಂಬು ಒನಕೆಯಂತೆ ಮೇಲಿನಿಂದ ಬೀಳುತ್ತದೆ. ಬಿದ್ದ ಒನಕೆ ತಿರುಗಿ ಆಕಾಶಕ್ಕೆ ಹಾರುತ್ತದೆ ಎನ್ನುವುದೊಂದೇ ವ್ಯತ್ಯಾಸ.

ಈ ಒನಕೆಗೆ ಒಂದು ಜೋಡಿಯಿದೆ. ಅದೇ ಆಕಾರ, ಅದೇ ತೂಕ, ಬಾಲದಲ್ಲಿ ಅವೇ ರೆಕ್ಕೆಗಳು, ಒಳಗೆ ಸಿಡಿಮದ್ದಿಲ್ಲ. ಇಂಗ್ಲಿಷಿನಲ್ಲಿ ಇಂಥವನ್ನು ಡಮ್ಮಿ, ಡ್ರಿಲ್, ಇನರ್ಟ್, ಪ್ರಾಕ್ಟೀಸ್ ಎಂದೆಲ್ಲ ಕರೆಯುತ್ತಾರೆ, ಮತ್ತು ಈ ಹೆಸರುಗಳು ಒಂದಕ್ಕೊಂದು ಸಮಾನಾರ್ಥಕಗಳಲ್ಲ. ಕನ್ನಡದಲ್ಲಿ ‘ಹುಸಿ ಬಾಂಬ್’ ಎಂದುಬಿಟ್ಟರೆ ಕೆಲಸ ಕೆಡುತ್ತದೆ. ನಮ್ಮ ಪತ್ರಿಕೆಗಳಲ್ಲಿ ಹುಸಿ ಬಾಂಬ್ ಎಂದರೆ ಫೋನ್ ಕರೆಯಲ್ಲಿ ಮಾತ್ರ ಇರುವ ಬಾಂಬು. ಇದು ಹಾಗಲ್ಲ. ಇದು ಇದೆ, ಕೈಯಲ್ಲಿ ಎತ್ತಿದರೆ ತೋಳು ಜಗ್ಗುವಷ್ಟು ಇದೆ. ಜಡ ಬಾಂಬು ಎನ್ನುವುದು ಸದ್ಯಕ್ಕೆ ಸರಿ ಹೊಂದೀತು.

ಜಡ ಬಾಂಬಿನ ಕಥೆ ಹೇಳಲು ಪುಣೆಗಿಂತ ತಕ್ಕ ಊರು ದೇಶದಲ್ಲಿ ಕಡಿಮೆ. 1817ರ ನವೆಂಬರ್ 5ರಂದು ಪೇಶ್ವೆ ಎರಡನೇ ಬಾಜಿರಾಯನ ಸೇನೆ ಸೋತ ಖಡ್ಕಿ, ಬ್ರಿಟಿಷರ ಕಾಗದಪತ್ರಗಳಲ್ಲಿ ಕಿರ್ಕೀ ಆಗಿ ದಂಡುಪ್ರದೇಶವಾಯಿತು. 1869ರಲ್ಲಿ ಅಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ. ಸ್ವಾತಂತ್ರ್ಯದ ಬಳಿಕ, 1952ರಲ್ಲಿ, ಶಸ್ತ್ರಾಸ್ತ್ರ ವಿದ್ಯೆ ಕಲಿಸುವ ಸಂಸ್ಥೆಯೊಂದು ಇದೇ ಖಡ್ಕಿಯಲ್ಲಿ ತೆರೆಯಿತು. 1958ರಲ್ಲಿ ಆಯುಧಗಳ ವಿನ್ಯಾಸಕ್ಕೆಂದೇ ಎಆರ್‌ಡಿಇ ಹುಟ್ಟಿತು. ಅದರ ಇಂದಿನ ನೆಲೆ ಪಾಷಾಣ. ಸಿಡಿಮದ್ದುಗಳ ಸಂಶೋಧನಾಲಯ ಎಚ್‌ಇಎಂಆರ್‌ಎಲ್ ಕೂಡ ಅಲ್ಲೇ ಹತ್ತಿರ. 2021ರಲ್ಲಿ ಸರ್ಕಾರಿ ಮದ್ದುಗುಂಡು ಕಾರ್ಖಾನೆಗಳನ್ನು ಒಂದು ಕಂಪನಿಯಡಿ ತಂದಾಗ, ಆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಮುಖ್ಯ ಕಚೇರಿಯೂ ಪುಣೆಗೇ ಬಂತು. ಸಿಡಿಯುವುದನ್ನು ಮಾಡುವ ಊರು ಸಿಡಿಯದ್ದರಿಂದ ಪಾಠ ಹೇಳುವುದನ್ನೂ ಬಲ್ಲದು.

ಜಡ ಬಾಂಬು ಏನನ್ನು ಅನುಕರಿಸುತ್ತದೆ ಎಂದು ತಿಳಿಯಲು ಮೂಲವನ್ನು ನೋಡಬೇಕು. 1915ರಲ್ಲಿ ವಿಲ್ಫ್ರೆಡ್ ಸ್ಟೋಕ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್, ಕಂದಕಗಳ ಯುದ್ಧಕ್ಕಾಗಿ, ಒಂದು ಕೊಳವೆ, ಒಂದು ತಳಹಲಗೆ, ಎರಡು ಕಾಲು, ಇಷ್ಟೇ ಇರುವ ಮಾರ್ಟರ್ ಮಾಡಿದ. ಹಳೆಯ ದಾಸ್ತಾನಿನ ಬಾಂಬುಗಳನ್ನು ಅದರಲ್ಲಿ ಹಾರಿಸಲಾಗದು ಎಂಬ ಕಾರಣಕ್ಕೆ ಸೇನೆ ಮೊದಲು ಅದನ್ನು ಒಲ್ಲೆ ಎಂದಿತ್ತು. ಹೆಸರಿಗೆ ಅದು 3 ಇಂಚಿನ ಮಾರ್ಟರ್, ಅಳೆದರೆ ಕೊಳವೆಯ ಬಾಯಿ 81 ಮಿಲಿಮೀಟರ್. ಇಂದು ಭಾರತವೂ ಸೇರಿದಂತೆ ಹಲವು ದೇಶಗಳ ಪದಾತಿದಳಗಳು ಬಳಸುವ 81 ಎಂಬ ವಿಚಿತ್ರ ಸಂಖ್ಯೆ ಅಲ್ಲಿಂದ ಬಂದದ್ದು. ಸ್ಟೋಕ್ಸನ ಬಾಂಬಿಗೆ ರೆಕ್ಕೆ ಇರಲಿಲ್ಲ. ಡಬ್ಬಿಯಂತಿದ್ದ ಅದು ಗಾಳಿಯಲ್ಲಿ ಲಾಗ ಹಾಕುತ್ತ ಹೋಗುತ್ತಿತ್ತು. ಅದಕ್ಕೆ ನೀರಹನಿಯ ಆಕಾರ, ಬಾಲಕ್ಕೆ ರೆಕ್ಕೆ ಕೊಟ್ಟು ಪಳಗಿಸಿದವನು ಫ್ರಾನ್ಸಿನ ಎಡ್ಗರ್ ಬ್ರಾಂಟ್. ಆತ ಕಬ್ಬಿಣದ ಕಲಾಕುಸುರಿಗೂ ಹೆಸರಾಗಿದ್ದವನು. 1947–48ರ ಕಾಶ್ಮೀರ ಯುದ್ಧದಲ್ಲಿ ನಮ್ಮ ಸೈನಿಕರ ಬೆನ್ನ ಮೇಲಿದ್ದದ್ದು ಈ ವಂಶದ ಮಾರ್ಟರ್‌ಗಳೇ.

ಕೆಲಸ ಮಾಡುವ ರೀತಿ ಸರಳ. ಬಾಂಬನ್ನು ಬಾಲ ಕೆಳಗಾಗಿ ಕೊಳವೆಗೆ ಬಿಡುತ್ತಾರೆ. ಬಾಂಬಿಗೂ ಕೊಳವೆಗೂ ನಡುವೆ ಕೂದಲೆಳೆಯ ಸಂದು ಇರುತ್ತದೆ. ಅದರ ಮೂಲಕ ಒಳಗಿನ ಗಾಳಿ ಹೊರಬರುತ್ತದೆ, ಇಲ್ಲದಿದ್ದರೆ ಬಾಂಬು ಬೀಳದೆ ತೇಲುತ್ತದೆ. ತಳದಲ್ಲೊಂದು ಮೊಳೆ. ಬಾಲದ ತುದಿಯ ಚಿಕ್ಕ ಕಾಟ್ರಿಜ್ ಅದಕ್ಕೆ ತಾಗಿ ಹೊತ್ತಿಕೊಳ್ಳುತ್ತದೆ. ಆ ಬೆಂಕಿ, ಬಾಲಕ್ಕೆ ತೊಡಿಸಿದ ಹೆಚ್ಚುವರಿ ಮದ್ದಿನ ಬಿಲ್ಲೆಗಳಿಗೆ ಹಬ್ಬುತ್ತದೆ. ದೂರ ಹೋಗಬೇಕಿದ್ದರೆ ಹೆಚ್ಚು ಬಿಲ್ಲೆ, ಹತ್ತಿರಕ್ಕಾದರೆ ಕೆಲವನ್ನು ಕಿತ್ತು ಪಕ್ಕಕ್ಕಿಡಬೇಕು. ಎಣಿಕೆ ತಪ್ಪಿದರೆ ಬಾಂಬು ನಮ್ಮವರ ಮೇಲೆಯೇ ಬಿದ್ದೀತು.

ಇಷ್ಟನ್ನೂ ಕತ್ತಲಲ್ಲಿ, ಮಳೆಯಲ್ಲಿ, ಕಿವಿ ಕಿವುಡಾಗುವ ಸದ್ದಿನ ನಡುವೆ, ನಿಮಿಷಕ್ಕೆ ಹಲವು ಸಲ ಮಾಡಬೇಕು. ಅದಕ್ಕೆ ಕೈ ಪಳಗಬೇಕು. ಕೈ ಪಳಗಿಸುವ ವಸ್ತು ಹಗುರವಾಗಿದ್ದರೆ ಪ್ರಯೋಜನವಿಲ್ಲ; ನಾಲ್ಕು ಕಿಲೋದ ಬಾಂಬನ್ನು ಎತ್ತಬೇಕಾದವನು ಎರಡು ಕಿಲೋದ ಮರದ ತುಂಡಿನಿಂದ ಕಲಿತರೆ ತಪ್ಪನ್ನೇ ಕಲಿಯುತ್ತಾನೆ. ಹೀಗಾಗಿ ಜಡ ಬಾಂಬಿನ ವಿನ್ಯಾಸಕಾರರ ಮೊದಲ ಲೆಕ್ಕ ತೂಕದ್ದು. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಸಾಂದ್ರ, ಟಿಎನ್‌ಟಿ ಸುಮಾರು 1.6 ಪಟ್ಟು ಮಾತ್ರ. ಒಳಗೆಲ್ಲ ಲೋಹ ತುಂಬಿದರೆ ಬಾಂಬು ವಿಪರೀತ ಭಾರ, ಖಾಲಿ ಬಿಟ್ಟರೆ ಹಗುರ. ಜಿಪ್ಸಮ್‌ನಂಥ, ಟಿಎನ್‌ಟಿಯ ಸಾಂದ್ರತೆಗೆ ಹತ್ತಿರ ತರಬಹುದಾದ ತುಂಬುವಸ್ತು ಬೇಕು. ಬರೀ ಮರಳು ಆಗದು, ಅಲುಗಾಡುತ್ತದೆ. ತೂಕ ಸರಿಯಿದ್ದರೂ ಗುರುತ್ವಕೇಂದ್ರ ಹಿಂದಕ್ಕೆ ಜರುಗಿತೆಂದರೆ, ಹಾರಿಸುವ ಮಾದರಿಯಾಗಿದ್ದಲ್ಲಿ, ಅದು ಸ್ಟೋಕ್ಸನ ಡಬ್ಬಿಯಂತೆ ಲಾಗ ಹಾಕುತ್ತದೆ. ಭಾರ ಮುಂದೆ, ರೆಕ್ಕೆಯ ಹಿಡಿತ ಹಿಂದೆ: ಶಟಲ್‌ಕಾಕ್ ನೆಟ್ಟಗೆ ಹೋಗುವುದೂ ಇದರಿಂದಲೇ.

ಜಡ ಬಾಂಬುಗಳಲ್ಲೇ ಕೆಲವು ಹಾರುವುದೇ ಇಲ್ಲ. ಡ್ರಿಲ್ ಬಾಂಬಿನ ಬಾಲದಲ್ಲಿ ಕಾಟ್ರಿಜ್ ಇಲ್ಲ, ಮೂತಿಯ ಫ್ಯೂಸ್ ಕೂಡ ಬರಿಯ ಲೋಹ. ಆದರೆ ಫ್ಯೂಸಿನ ಸುರಕ್ಷತಾ ಪಿನ್ ಮಾತ್ರ ಎಳೆಯಲು ಬರುತ್ತದೆ, ಬಿಲ್ಲೆಗಳನ್ನು ತೆಗೆದು ಹಾಕಲು ಬರುತ್ತದೆ. ಏಕೆಂದರೆ ಕಲಿಯಬೇಕಿರುವುದು ಅದನ್ನೇ. ಇದನ್ನು ಕೊಳವೆಗೆ ಬಿಟ್ಟರೆ ಠಣ್ ಎಂದು ತಳಕ್ಕೆ ಬಡಿದು ಸುಮ್ಮನೆ ಕೂರುತ್ತದೆ.

ಸುಮ್ಮನೆ ಕೂರುವುದೇ ಇದರ ದೊಡ್ಡ ಉಪಕಾರ. ನಿಜವಾದ ಬಾಂಬೂ ಒಮ್ಮೊಮ್ಮೆ ಹೀಗೆ ಕೂತುಬಿಡುತ್ತದೆ. ಆಗ ಕಾಯಬೇಕು. ಆಮೇಲೆ ಕೊಳವೆಯನ್ನು ತಳಹಲಗೆಯಿಂದ ಬಿಡಿಸಿ, ಬುಡವನ್ನು ಮೆಲ್ಲಗೆ ಎತ್ತಿ, ಬಾಂಬು ಬಾಯಿಯ ಕಡೆಗೆ ಜಾರಿಬರುವಂತೆ ಮಾಡಬೇಕು. ಇನ್ನೊಬ್ಬ ಬಾಯಿಯಲ್ಲಿ ಕೈಯಿಟ್ಟು ಅದನ್ನು ಹಿಡಿಯಬೇಕು. ಅರ್ಧದಲ್ಲಿ ಬುಡವನ್ನು ಮತ್ತೆ ಇಳಿಸಿದರೆ ಬಾಂಬು ಹಿಂದಕ್ಕೆ ಜಾರಿ ಮೊಳೆಗೆ ಬಡಿಯುತ್ತದೆ, ಕೈಯಿಟ್ಟವನ ಎದುರಿಗೇ. ಒರಳಲ್ಲಿ ತಲೆಯಿಟ್ಟವನ ಗಾದೆ ಇಲ್ಲಿ ಅಕ್ಷರಶಃ ನಿಜ. ನಿಜವಾದ ಬಾಂಬಿನಿಂದ ಇದನ್ನು ಕಲಿಸಲಾಗದು. ಜಡ ಬಾಂಬಿನಿಂದ ನೂರು ಸಲ ಕಲಿಸಬಹುದು.

2013ರ ಮಾರ್ಚ್ 18ರ ರಾತ್ರಿ ಅಮೆರಿಕದ ನೆವಾಡಾ ರಾಜ್ಯದ ಹಾಥಾರ್ನ್‌ನಲ್ಲಿ ಅಭ್ಯಾಸ ನಡೆಸುತ್ತಿದ್ದ ಮರೀನ್ ತುಕಡಿಯೊಂದರ 60 ಮಿಲಿಮೀಟರ್ ಮಾರ್ಟರ್ ಸಿಡಿದು 7 ಮಂದಿ ಸತ್ತರು. ಮೊದಲಿನ ಬಾಂಬು ಕೊಳವೆಯೊಳಗೇ ಇದ್ದಾಗ ಅದರ ಮೇಲೆ ಇನ್ನೊಂದನ್ನು ಬಿಟ್ಟಿದ್ದರು ಎಂಬುದು ತನಿಖೆಯ ತೀರ್ಮಾನ. ಲೋಹದಲ್ಲಿ ದೋಷವಿರಲಿಲ್ಲ, ಕೈಗಳ ಕ್ರಮ ತಪ್ಪಿತ್ತು. ಜಡ ಬಾಂಬು ಅಗ್ಗದ ಬದಲಿ, ಬಜೆಟ್ ಉಳಿಸುವ ಉಪಾಯ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ.

ಇನ್ನೊಂದು ಬಗೆ ಹಾರುತ್ತದೆ. ಪ್ರಾಕ್ಟೀಸ್ ಬಾಂಬಿನಲ್ಲಿ ತಳ್ಳುವ ಮದ್ದು ಅಸಲಿ, ಹೊಟ್ಟೆಯ ತುಂಬುವಸ್ತು ಜಡ. ಬಿದ್ದಲ್ಲಿ ಒಂದು ಹಿಡಿ ಹೊಗೆ ಬಿಡುವಷ್ಟು ಚಿಕ್ಕ ಮದ್ದು ಮೂತಿಯಲ್ಲಿರಬಹುದು. ಎಲ್ಲಿ ಬಿತ್ತು ಎಂದು ದೂರದಿಂದ ಕಾಣಬೇಕಲ್ಲ. ಅಮೆರಿಕನ್ನರು ಎರಕದ ಕಬ್ಬಿಣದ ಗಟ್ಟಿ ಬಾಂಬುಗಳನ್ನೂ ಮಾಡಿದರು: ಹಾರಿಸು, ಹೆಕ್ಕಿ ತಾ, ಹೊಸ ಕಾಟ್ರಿಜ್ ಹಾಕಿ ಮತ್ತೆ ಹಾರಿಸು. ಮುಂದೆ ಬಂದ ಕೆಲವು ಮಾದರಿಗಳಲ್ಲಿ ಮದ್ದಿನ ಅನಿಲವನ್ನು ಬೇಕೆಂದೇ ಸೋರಬಿಟ್ಟು, ನಿಜವಾದ ದೂರದ ಹತ್ತರಲ್ಲೊಂದು ಪಾಲು ಮಾತ್ರ ಹೋಗುವಂತೆ ಮಾಡಿದರು. 5 ಕಿಲೋಮೀಟರ್ ಬಯಲು ಬೇಕಿದ್ದಲ್ಲಿ ಅರ್ಧ ಕಿಲೋಮೀಟರ್ ಸಾಕು. ಊರುಗಳು ಬೆಳೆದು ದಂಡುಪ್ರದೇಶದ ಬೇಲಿಗೆ ತಾಗಿರುವ ಕಾಲದಲ್ಲಿ ಇದರ ಬೆಲೆ ತಿಳಿಯುತ್ತದೆ. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಪಾಷಾಣದಲ್ಲಿ ಈಗ ಸಾಲುಸಾಲು ಅಪಾರ್ಟ್‌ಮೆಂಟುಗಳು.

ಕೈಗೆ ಎರಡೂ ಒಂದೇ ಎನಿಸಬೇಕು. ಕಣ್ಣಿಗೆ ಮಾತ್ರ ಎಂದೂ ಒಂದೇ ಎನಿಸಬಾರದು. ಈ ಎರಡನೆಯ ಬೇಡಿಕೆಯನ್ನು ಪೂರೈಸುವುದು ಬಣ್ಣ ಮತ್ತು ಅಕ್ಷರ. ನೇಟೋ ದೇಶಗಳ ರೂಢಿಯಲ್ಲಿ ಸಿಡಿಯುವ ಬಾಂಬು ಹಸಿರು, ಅದರ ಮೇಲೆ ಹಳದಿ ಬರಹ, ಅಭ್ಯಾಸದ್ದು ನೀಲಿ. ಇಲ್ಲೊಂದು ಬಲೆಯಿದೆ. ನೀಲಿ ಎಂದರೆ ‘ಅಭ್ಯಾಸದ್ದು’, ‘ನಿರಪಾಯ’ ಅಲ್ಲ. ಹೊಗೆಮದ್ದು ಇದ್ದರೆ ನೀಲಿಯ ಮೇಲೆ ಕಂದು ಪಟ್ಟಿ ಬರಬೇಕು, ಆ ಪಟ್ಟಿಯನ್ನು ಓದಲು ತಿಳಿದಿರಬೇಕು. ಬಣ್ಣ ಅಳಿಸಬಹುದೆಂಬ ಅರಿವಿನಿಂದಲೇ ಹಲವು ಡ್ರಿಲ್ ಬಾಂಬುಗಳ ಮೈಗೆ ತೂತು ಕೊರೆದಿರುತ್ತಾರೆ. ಹೊಟ್ಟೆ ಖಾಲಿಯೆಂದು ಬೆರಳಿಟ್ಟೇ ನೋಡಬಹುದು. ಎನ್‌ಸಿಸಿಯಲ್ಲಿ ಕವಾಯತು ಮಾಡಿದವರಿಗೆ ಡಿಪಿ ರೈಫಲ್ ನೆನಪಿರಬಹುದು. ಡಿಪಿ ಎಂದರೆ ಡ್ರಿಲ್ ಪರ್ಪಸ್. ಆ ಎರಡಕ್ಷರವನ್ನು ಲೋಹಕ್ಕೇ ಒತ್ತಿರುತ್ತಾರೆ, ಬಣ್ಣದ ಭರವಸೆಗೆ ಬಿಡುವುದಿಲ್ಲ.

ಆದರೂ ಬಯಲಲ್ಲಿ ಬಿದ್ದ ಬಾಂಬು ನಾಲ್ಕು ಮಳೆಗಾಲ ಕಂಡರೆ ನೀಲಿಯೂ ಹಸಿರೂ ತುಕ್ಕಿನ ಒಂದೇ ಬಣ್ಣಕ್ಕೆ ತಿರುಗುತ್ತವೆ. ಫೈರಿಂಗ್ ರೇಂಜ್‌ಗಳ ಸುತ್ತಲಿನ ಹಳ್ಳಿಗಳ ಬಡವರಿಗೆ ಅದು ಕಿಲೋ ಲೆಕ್ಕದ ಗುಜರಿ. ತೂಗಿ ನೋಡಿದರೆ ಗೊತ್ತಾಗದು. ತೂಕ ಒಂದೇ ಇರಲೆಂದೇ ಅಲ್ಲವೇ ಅಷ್ಟು ಲೆಕ್ಕ ಹಾಕಿದ್ದು. 2018ರ ನವೆಂಬರ್ 20ರಂದು ಮಹಾರಾಷ್ಟ್ರದ್ದೇ ವರ್ಧಾ ಜಿಲ್ಲೆಯ ಪುಲಗಾಂವ್‌ನಲ್ಲಿ ಹಳೆಯ ಮದ್ದುಗುಂಡು ನಾಶಪಡಿಸುವಾಗ ಸ್ಫೋಟವಾಗಿ 6 ಜನ ಸತ್ತರು. ಅದು ಅಧಿಕೃತವಾಗಿಯೇ ನಡೆಯುತ್ತಿದ್ದ ಕೆಲಸ, ಅಲ್ಲಿದ್ದದ್ದು ಅಸಲಿ ಮದ್ದೆಂದು ತಿಳಿದೇ ಇತ್ತು. ಸತ್ತವರಲ್ಲಿ ಸುತ್ತಲಿನ ಹಳ್ಳಿಗಳ ಕೂಲಿಗಳಿದ್ದರು. ತಿಳಿದಿದ್ದಲ್ಲೇ ಹೀಗಾದರೆ, ತಿಳಿಯದೆ ಸುತ್ತಿಗೆ ಎತ್ತುವವನ ಗತಿ ಬೇರೆ ಹೇಳಬೇಕಿಲ್ಲ.

ಸೇನೆಯಲ್ಲಿ ಬಾಂಬು ನಿಷ್ಕ್ರಿಯಗೊಳಿಸುವುದು ಎಂಜಿನಿಯರ್ ದಳದ ಕೆಲಸ. ಆ ದಳದ ಕಾಲೇಜು ಇರುವುದು ಖಡ್ಕಿಯ ಪಕ್ಕದ ದಾಪೋಡಿಯಲ್ಲಿ. ಜಗತ್ತಿನ ಯಾವ ಸೇನೆಯಲ್ಲಾದರೂ ಅವರ ನಿಯಮ ಒಂದೇ: ಗುರುತು ಓದಲಾಗದ ಬಾಂಬನ್ನು ಜೀವಂತವೆಂದೇ ಎಣಿಸಬೇಕು. ಸಾಗಿಸುವುದು ಅಪಾಯವೆನಿಸಿದರೆ ಬಿದ್ದಲ್ಲೇ ಸುತ್ತ ಮರಳಿನ ಚೀಲ ಪೇರಿಸಿ, ಪಕ್ಕದಲ್ಲಿ ತಮ್ಮದೊಂದು ಮದ್ದಿಟ್ಟು ಉಡಾಯಿಸುತ್ತಾರೆ. ಹೊಗೆ ಇಳಿದ ಮೇಲೆ ಹೋಗಿ ನೋಡುತ್ತಾರೆ. ಒಮ್ಮೊಮ್ಮೆ ಗುಂಡಿಯ ತುಂಬ ಜಿಪ್ಸಮ್ಮಿನ ಬಿಳಿ ಪುಡಿ ಇರುತ್ತದೆ.