ಪಾವಿನ ಬಿಳುಪು, ಅರಿಶಿನದ ಕೆಂಪು

ಮುಂಬಯಿಯ ಪಾವಿನ ಹೆಸರು ಪೋರ್ಚುಗೀಸರ ‘ಪಾಂವ್’ನಿಂದ ಬಂತು, ಅದನ್ನು ಊರಿಗೆ ಉಣಿಸಿದವರು ಗೋವೆಯ ಬೇಕರಿಯವರು, ಆಮೇಲೆ ಇರಾನಿಗಳು. ಅದರ ಬಿಳುಪು ಮಾತ್ರ ಪೂರಾ ಹುಟ್ಟುಗುಣವಲ್ಲ. ಹೊಸದಾಗಿ ಬೀಸಿದ ಮೈದಾ ತುಸು ಹಳದಿಯೇ. ಬ್ರೆಡ್ಡು ಬೆಳ್ಳಗೆ, ಹಗುರವಾಗಿ ಉಬ್ಬಲೆಂದು ಭಾರತದ ಬೇಕರಿಗಳಲ್ಲಿ ಬಳಕೆಯಲ್ಲಿದ್ದ ಪೊಟ್ಯಾಸಿಯಂ ಬ್ರೋಮೇಟ್, ಕ್ಯಾನ್ಸರ್ ತರಬಹುದೆಂಬ ಕಾರಣಕ್ಕೆ 2016ರಲ್ಲಿ ನಿಷೇಧವಾಯಿತು.

ಈಗ ಮನೆಯಲ್ಲೇ ಬ್ರೆಡ್ ಸುಡುವವರು ಹಿಟ್ಟಿಗೆ ಅರಿಶಿನ, ಬೀಟ್‌ರೂಟ್, ಪಾಲಕ್ ಕಲಸುತ್ತಾರೆ. ಬೀಟ್‌ರೂಟಿನ ಕೆಂಪು ಒವನ್ನಿನ ಕಾವಿಗೆ ಕಂದುತ್ತದೆ; ನಾಲ್ಕು ಹನಿ ನಿಂಬೆರಸ ಬಿದ್ದರೆ ಕೊಂಚ ಉಳಿಯುತ್ತದೆ. ಅರಿಶಿನ ಕಾವಿಗೆ ಅಷ್ಟು ಬೇಗ ಮಾಸದು, ಆದರೆ ಅಡುಗೆ ಸೋಡಾ ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಕದಡಿದ ಕೈಗಳಿಗೆ ಈ ಗುಟ್ಟು ಹಳೆಯದು. ಬ್ರೋಮೇಟಿನ ಬಿಳುಪು ಹೀಗೆ ಯಾರಿಗೂ ತನ್ನ ಮೂಲ ಹೇಳಿರಲಿಲ್ಲ.