ದ್ವೀಪದಲ್ಲೊಂದು ಮನೆ ಕಟ್ಟಿ ನೋಡು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಗಾದೆ ಮಾಡಿದ ಹಿರಿಯರು ಎಷ್ಟು ಪೆಟ್ಟು ತಿಂದಿದ್ದರೋ ಏನೋ. ಮದುವೆಯ ವಿಷಯ ನನಗಿನ್ನೂ ಗೊತ್ತಿಲ್ಲ. ಮನೆಯ ವಿಷಯ ಸ್ವಲ್ಪ ಗೊತ್ತು, ಅದೂ ತಪ್ಪು ಮಾಡಿ ಕಲಿತದ್ದು. ಅದನ್ನ ಕೊನೆಯಲ್ಲಿ ಹೇಳ್ತೀನಿ.

ಕಳೆದ ತಿಂಗಳು ಆಫೀಸಿನ ಕ್ಯಾಂಟೀನಿನಲ್ಲಿ ಟೀ ಕುಡೀತಾ ಕೂತಿದ್ದಾಗ ಗೆಳೆಯನೊಬ್ಬ ಒಂದು ಫೋಟೋ ತೋರಿಸಿದ. ನೀಲಿ ಸಮುದ್ರ, ಬಿಳಿ ಮರಳು, ನಾಲ್ಕು ತೆಂಗಿನ ಮರ, ಮಧ್ಯೆ ಒಂದು ಮರದ ಮನೆ. "ನಲವತ್ತಕ್ಕೆ ರಿಟೈರ್ ಆಗಿ ಇಂಥ ಒಂದು ದ್ವೀಪದಲ್ಲಿ ಇದ್ದುಬಿಡೋದು ಕಣೋ. ನಾಲ್ಕು ಜನ ಸೇರಿದ್ರೆ ಈಗ್ಲೇ ಜಾಗ ತಗೋಬಹುದು, ನೀನೂ ಸೇರ್ಕೋ" ಅಂದ. ನಾನು ಕುಂದಾಪುರದ ಕಡೆಯವನು. ಸಮುದ್ರ, ಮರಳು, ತೆಂಗಿನ ಮರ ಮೂರನ್ನೂ ನೋಡಿಯೇ ಬೆಳೆದವನು. ಆದ್ರೂ ಆ ಫೋಟೋ ನೋಡಿ ಒಂದು ಕ್ಷಣ ಆಸೆಯಾಗಿದ್ದು ಸುಳ್ಳಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಲೆಕ್ಕ ಕೂಡ ಹಾಕಿದೆ!

ರಾತ್ರಿ ರೂಮಿಗೆ ಬಂದಾಗ, ಇದೇ ಆಸೆಯನ್ನ 130 ವರ್ಷಗಳ ಹಿಂದೆ ನಿಜ ಮಾಡಿಕೊಂಡ ಒಬ್ಬ ಮನುಷ್ಯ ನೆನಪಾದ. 'ಟ್ರೆಷರ್ ಐಲ್ಯಾಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್. ಹಡಗು, ಕಡಲ್ಗಳ್ಳರು, ನಿಧಿ ಅಂತ ಬರೆದು 1883ರಲ್ಲಿ ಪುಸ್ತಕ ಮಾಡಿದವನು, ಏಳು ವರ್ಷ ಆದ ಮೇಲೆ ನಿಜವಾಗಿಯೂ ಒಂದು ದ್ವೀಪದಲ್ಲಿ ಜಮೀನು ಕೊಂಡು ಮನೆ ಕಟ್ಟಿಸಿದ. ಶಾಂತ ಸಾಗರದ ಮಧ್ಯೆ ಇರೋ ಸಮೋವಾದ ಉಪೋಲು ದ್ವೀಪದಲ್ಲಿ. ಆ ಮನೆಯ ಕತೆಯನ್ನ ಹಿಂದೆ ಓದಿದ್ದೆ. ಈ ಸಲ ಜಾಗ ಕೊಳ್ಳೋನ ಕಣ್ಣಲ್ಲಿ ಮತ್ತೊಮ್ಮೆ ಓದಿದೆ. ಓದಿದ್ದನ್ನ ನಿಮಗೂ ಹೇಳೋಣ ಅಂತ.

ಇನ್ನೊಂದು ಸ್ವಾರ್ಥವೂ ಇದೆ. ಸ್ಟೀವನ್‌ಸನ್ ನಮ್ಮ ಜಾತಿಯವನು... ಅಂದ್ರೆ ಇಂಜಿನಿಯರಿಂಗ್ ಜಾತಿ! ಅವನ ಮನೆತನವೇ ದೀಪಸ್ತಂಭ ಕಟ್ಟುವವರದ್ದು. ಸ್ಕಾಟ್ಲೆಂಡಿನ ಸಮುದ್ರದ ಬಂಡೆಯ ಮೇಲೆ 1811ರಲ್ಲಿ ಮೊದಲು ಬೆಳಗಿದ ಬೆಲ್ ರಾಕ್ ದೀಪಸ್ತಂಭ ಅವನ ಅಜ್ಜ ಕಟ್ಟಿಸಿದ್ದು. ಇವನನ್ನೂ ಎಡಿನ್‌ಬರೋದಲ್ಲಿ ಇಂಜಿನಿಯರಿಂಗಿಗೇ ಸೇರಿಸಿದರು. 1871ರಲ್ಲಿ ದೀಪಸ್ತಂಭದ ಬೆಳಕಿನ ಬಗ್ಗೆ ಒಂದು ಪ್ರಬಂಧ ಕೂಡ ಓದಿದ. ಅದೇ ವರ್ಷ ಅಪ್ಪನ ಹತ್ತಿರ "ನನಗಿದು ಬೇಡ" ಅಂತ ಹೇಳಿ ಕಾನೂನು ಓದಲು ಹೋದ, ಆಮೇಲೆ ಅದನ್ನೂ ಬಿಟ್ಟು ಬರಹಗಾರನಾದ. ನಮ್ಮಲ್ಲಿ ಎಷ್ಟೋ ಜನ ಮಾಡಬೇಕು ಅಂದುಕೊಂಡು ಮಾಡದೇ ಉಳಿದ ಕೆಲಸ.

ಅವನ ಶ್ವಾಸಕೋಶ ಚಿಕ್ಕಂದಿನಿಂದಲೇ ಸರಿಯಿರಲಿಲ್ಲ. ಸ್ಕಾಟ್ಲೆಂಡಿನ ಚಳಿ ಆಗಿಬರುತ್ತಿರಲಿಲ್ಲ. 1888ರಲ್ಲಿ ಹೆಂಡತಿ ಫ್ಯಾನಿ ಮತ್ತು ಸಂಸಾರದ ಜೊತೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹತ್ತಿದ. ದ್ವೀಪದಿಂದ ದ್ವೀಪಕ್ಕೆ ಸುತ್ತಿ 1889ರ ಡಿಸೆಂಬರಿನಲ್ಲಿ ಸಮೋವಾದ ಆಪಿಯಾ ಬಂದರಿಗೆ ಬಂದ. ಮುಂದಿನ ತಿಂಗಳೇ, ಅಂದ್ರೆ 1890ರ ಜನವರಿಯಲ್ಲಿ, 314 ಎಕರೆ ಚಿಲ್ಲರೆ ಜಮೀನು ಕೊಂಡ. ವ್ಯವಹಾರ ಕುದುರಿಸಿಕೊಟ್ಟವನು ಹ್ಯಾರಿ ಮೂರ್ಸ್ ಅನ್ನೋ ಅಮೆರಿಕನ್ ವ್ಯಾಪಾರಿ.

ಸಮೋವಾವನ್ನೇ ಆರಿಸಿಕೊಳ್ಳಲು ಒಂದು ಪ್ರಾಕ್ಟಿಕಲ್ ಕಾರಣ ಇತ್ತು. ಅಲ್ಲಿಗೆ ಟಪಾಲು ಹಡಗು ನಿಯಮಿತವಾಗಿ ಬರುತ್ತಿತ್ತು. ಬರೆದದ್ದು ಲಂಡನ್ನಿಗೂ ನ್ಯೂಯಾರ್ಕಿಗೂ ತಲುಪದಿದ್ದರೆ ದುಡ್ಡು ಬರೋದಿಲ್ಲವಲ್ಲ. ಈಗ ನಾವು "ಅಲ್ಲಿ ನೆಟ್‌ವರ್ಕ್ ಹೇಗಿದೆ?" ಅಂತ ಕೇಳೋ ಪ್ರಶ್ನೆಯನ್ನೇ ಅವನು ಆಗ ಕೇಳಿದ್ದ. ವರ್ಕ್ ಫ್ರಮ್ ಹೋಮ್ ಏನು ಹೊಸದಲ್ಲ ಬಿಡಿ.

ಜಾಗ ಆರಿಸಿದ್ದರಲ್ಲೂ ಒಂದು ಪಾಠ ಇದೆ. ಅವನು ಬರೋ ಒಂಬತ್ತು ತಿಂಗಳು ಮೊದಲು, 1889ರ ಮಾರ್ಚ್ 15-16ರಂದು, ಆಪಿಯಾಕ್ಕೆ ಭಯಂಕರ ಚಂಡಮಾರುತ ಬಡಿದಿತ್ತು. ಸಮೋವಾ ಯಾರದ್ದು ಅಂತ ಜಗಳ ಆಡುತ್ತಾ ಬಂದರಿನಲ್ಲಿ ಲಂಗರು ಹಾಕಿದ್ದವು ಏಳು ಯುದ್ಧನೌಕೆಗಳು: ಅಮೆರಿಕದ್ದು ಮೂರು, ಜರ್ಮನಿಯದ್ದು ಮೂರು, ಬ್ರಿಟನ್ನಿನದ್ದು ಒಂದು. ಬ್ರಿಟನ್ನಿನ ಕ್ಯಾಲಿಯೋಪ್ ಮಾತ್ರ ಹೇಗೋ ಬಂದರಿನಿಂದ ಹೊರಗೆ ನುಗ್ಗಿ ಬಚಾವಾಯಿತು. ಉಳಿದ ಆರೂ ಮುಳುಗಿದವು ಇಲ್ಲವೇ ದಡಕ್ಕೆ ಬಿದ್ದವು. ಸ್ಟೀವನ್‌ಸನ್ ಬಂದಾಗ ಒಡೆದ ಹಡಗಿನ ಅವಶೇಷ ಇನ್ನೂ ಅಲ್ಲೇ ಇತ್ತು. ಇದಕ್ಕಿಂತ ದೊಡ್ಡ ನೋಟಿಸ್ ಬೋರ್ಡ್ ಬೇಕಾ? ಅವನು ಕೊಂಡ ಜಾಗ ಕಡಲ ತೀರದ್ದಲ್ಲ. ಮೂರು ಮೈಲಿ ಒಳಗೆ, ಸುಮಾರು 600 ಅಡಿ ಎತ್ತರದಲ್ಲಿ, ಬೆಟ್ಟದ ಬುಡದಲ್ಲಿ. ಫೋಟೋದಲ್ಲಿ ಚೆನ್ನಾಗಿ ಕಾಣೋ ಜಾಗಕ್ಕೂ ಇರೋದಕ್ಕೆ ಚೆನ್ನಾಗಿರೋ ಜಾಗಕ್ಕೂ ವ್ಯತ್ಯಾಸ ಇದೆ.

ಜಾಗದ ಹೆಸರು ವೈಲಿಮಾ. ಅವರ ಭಾಷೆಯಲ್ಲಿ 'ವೈ' ಅಂದ್ರೆ ನೀರು, 'ಲಿಮಾ' ಅಂದ್ರೆ ಐದು. 'ಕೈ' ಅನ್ನೋ ಅರ್ಥವೂ ಇದೆ. ಐದು ಹೊಳೆ ಅನ್ನಿ, ಬೊಗಸೆ ನೀರು ಅನ್ನಿ, ಹೆಸರಿನಲ್ಲೇ ನೀರಿದೆ. ನಮ್ಮಲ್ಲೂ ಹಾಗೇ ಅಲ್ವಾ, ಕೆರೆ, ಹಳ್ಳ, ಹೊಳೆ ಸೇರಿಸಿಕೊಂಡ ಊರುಗಳು ಎಷ್ಟಿಲ್ಲ. ಹೊಸ ಜಾಗದಲ್ಲಿ ಬೋರ್‌ವೆಲ್ ಪಾಯಿಂಟ್ ನೋಡಿಸೋ ಮೊದಲು ಆ ಜಾಗದ ಹಳೇ ಹೆಸರು ಕೇಳಿ.

ಈಗ ಮುಖ್ಯ ವಿಷಯ, ಜಮೀನಿನ ಪತ್ರ. 1860ರ ದಶಕದ ಕೊನೆಯಿಂದ ಸಮೋವಾದ ಒಳಜಗಳಗಳಲ್ಲಿ ಬಂದೂಕಿಗಾಗಿ ಎಷ್ಟೋ ಜನ ಬಿಳಿಯರಿಗೆ ಜಮೀನು ಬರೆದುಕೊಟ್ಟಿದ್ದರು. ಒಂದೇ ಜಮೀನನ್ನ ಇಬ್ಬರು ಮೂವರಿಗೆ ಮಾರಿದ್ದೂ ಇತ್ತು. ಮಾರಿದವನಿಗೆ ಮಾರುವ ಹಕ್ಕೇ ಇರಲಿಲ್ಲ ಅನ್ನೋದೂ ಇತ್ತು. ಯಾಕಂದ್ರೆ ಅಲ್ಲಿ ಜಮೀನು ಒಬ್ಬನ ಸ್ವತ್ತಲ್ಲ, ಇಡೀ ಕುಟುಂಬದ್ದು. ಮನೆತನದ ಹಿರಿಯ, ಅಂದ್ರೆ 'ಮಟಾಯ್', ಅದನ್ನ ನೋಡಿಕೊಳ್ಳೋನು ಅಷ್ಟೇ. 1889ರ ಬರ್ಲಿನ್ ಒಪ್ಪಂದದ ಪ್ರಕಾರ ಇದನ್ನೆಲ್ಲ ಬಗೆಹರಿಸಲು ಮೂವರ ಒಂದು ಆಯೋಗ ಬಂತು. ವಿದೇಶಿಯರು ತಮ್ಮದು ಅಂತ ತಂದುಕೊಟ್ಟ ಪತ್ರಗಳನ್ನೆಲ್ಲ ಕೂಡಿಸಿದರೆ ಸುಮಾರು 17 ಲಕ್ಷ ಎಕರೆ ಆಯಿತು. ತಮಾಷೆ ಏನಂದ್ರೆ ಸಮೋವಾದ ಅಷ್ಟೂ ದ್ವೀಪ ಸೇರಿಸಿದರೂ ಅದರ ಅರ್ಧ ಜಮೀನೂ ಇರಲಿಲ್ಲ! ಆಯೋಗ ಕೊನೆಗೆ ಒಪ್ಪಿದ್ದು ಸುಮಾರು 1,35,000 ಎಕರೆ, ಅಂದ್ರೆ ಕೇಳಿದ್ದರಲ್ಲಿ ನೂರಕ್ಕೆ ಎಂಟು. ಉಳಿದವರ ಕೈಯಲ್ಲಿ ಇದ್ದದ್ದು ಬರೀ ಕಾಗದ.

ಸಮೋವನ್ನರು ಇದನ್ನ ಮರೆಯಲಿಲ್ಲ. 1962ರಲ್ಲಿ ಸ್ವತಂತ್ರರಾದಾಗ ಕುಟುಂಬದ ಜಮೀನನ್ನ ಮಾರುವಂತಿಲ್ಲ ಅಂತ ಸಂವಿಧಾನದಲ್ಲೇ ಬರೆದುಕೊಂಡರು. ಇವತ್ತಿಗೂ ಅಲ್ಲಿ ಸುಮಾರು ನೂರಕ್ಕೆ 80ರಷ್ಟು ನೆಲ ಹೀಗೇ ಇದೆ. ಗುತ್ತಿಗೆಗೆ ಸಿಗಬಹುದು, ಕ್ರಯಕ್ಕೆ ಸಿಗೋದಿಲ್ಲ. ಫೋಟೋ ತೋರಿಸೋ ಏಜೆಂಟರು ಇದನ್ನ ಹೇಳೋದಿಲ್ಲ, ನಾವೇ ಕೇಳಬೇಕು: ಈ ಜಮೀನು ನಿಜಕ್ಕೂ ಯಾರದ್ದು?

ಇನ್ನು ಮನೆ. ಸಮೋವನ್ನರ ಮನೆಗೆ 'ಫಾಲೆ' ಅಂತಾರೆ. ಕಲ್ಲಿನ ಜಗಲಿ, ಸುತ್ತ ಮರದ ಕಂಬ, ಮೇಲೆ ಕಬ್ಬಿನ ಗರಿ ಹೊದೆಸಿದ ದೊಡ್ಡ ಸೂರು. ಗೋಡೆಯೇ ಇಲ್ಲ. ಮಳೆ ಬಂದ ಕಡೆ ತೆಂಗಿನ ಗರಿಯ ತಡಿಕೆ ಇಳಿಸಿದರೆ ಆಯಿತು. ಒಂದು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಲ್ಲೇ ಎಲ್ಲ ಕಟ್ಟೋದು. ಗಾಳಿ ಬಂದರೆ ಒಳಗೆ ಬಂದು ಹೊರಗೆ ಹೋಗುತ್ತೆ. ಸೂರು ಹಾರಿಹೋದರೆ ಊರಿನವರು ಸೇರಿ ಮತ್ತೆ ಹೊದೆಸ್ತಾರೆ.

ಸ್ಟೀವನ್‌ಸನ್ ಕಟ್ಟಿಸಿದ್ದು ಮರದ ಎರಡಂತಸ್ತಿನ ಮನೆ. ಮೊದಲು ಒಂದು ಸಣ್ಣ ಮನೆಯಲ್ಲಿದ್ದು 1891ರಲ್ಲಿ ದೊಡ್ಡ ಮನೆಗೆ ಹೋದರು. ಅದು ಸಾಲದೆ ಮರುವರ್ಷ ಮತ್ತೊಂದು ಭಾಗ ಸೇರಿಸಿ ದೊಡ್ಡ ಹಾಲ್ ಮಾಡಿಸಿದರು. ಹಾಲಿಗೆ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಹಲಗೆ. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಪೀಠೋಪಕರಣ. ಎಲ್ಲಕ್ಕಿಂತ ಮಜಾ ಅಂದ್ರೆ ಚಳಿ ಕಾಯಿಸಲು ಇಟ್ಟಿಗೆಯ ಅಗ್ಗಿಷ್ಟಿಕೆ! ವರ್ಷವಿಡೀ ಬೆವರು ಹರಿಯೋ ಊರಿನಲ್ಲಿ. ಪಾಪ, ಊರು ಬಿಟ್ಟು ಬಂದವನಿಗೆ ಬೆಂಕಿಯ ಮುಂದೆ ಕೂರೋ ನೆನಪು ಬಿಟ್ಟಿರಲಿಕ್ಕಿಲ್ಲ.

ಖರ್ಚಂತೂ ನಿಲ್ಲಲಿಲ್ಲ. ಹೆಂಡತಿ, ತಾಯಿ, ಮಲಮಕ್ಕಳು, ಮೊಮ್ಮಗ, ಕೆಲಸದವರು, ಇಷ್ಟೂ ಜನ ಅವನ ಪೆನ್ನಿನ ಮೇಲೆ. ಕೋಕೋ ಬೆಳೆದು ತೋಟವೇ ಮನೆ ಸಾಕಲಿ ಅಂತ ಇತ್ತು. ಆದರೆ ತೋಟ ಫಸಲಿಗೆ ವರ್ಷಗಟ್ಟಲೆ ಕಾಯಿಸುತ್ತೆ, ಕಳೆ ಕಾಯಿಸೋದಿಲ್ಲ. ಅವನನ್ನ ಅತಿ ಹೆಚ್ಚು ಗೋಳು ಹೊಯ್ದುಕೊಂಡ ಕಳೆ ಯಾವುದು ಗೊತ್ತಾ? ನಮ್ಮ ನಾಚಿಕೆ ಮುಳ್ಳು! ಮುಟ್ಟಿದರೆ ಮುನಿ. ಅಮೆರಿಕದಿಂದ ಹೊರಟು ನಮ್ಮೂರ ಗದ್ದೆಯ ಅಂಚಿಗೂ ಬಂದಿದೆ, ಸಮೋವಾಕ್ಕೂ ಹೋಗಿದೆ. ದಿನಗಟ್ಟಲೆ ಅದನ್ನ ಕಿತ್ತದ್ದರ ಬಗ್ಗೆ ಗೆಳೆಯನಿಗೆ ಪತ್ರದಲ್ಲಿ ಬರೆದಿದ್ದಾನೆ. ಓದುತ್ತಾ ನನ್ನ ಅಂಗೈ ಉರಿದ ಹಾಗಾಯಿತು.

ಹಾಗಾದ್ರೆ ಅವನು ಸೋತನಾ? ಇಲ್ಲ. ಒಂದು ವಿಷಯ ಅವನು ಚೆನ್ನಾಗಿ ಮಾಡಿದ. ಅಕ್ಕಪಕ್ಕದವರ ಜೊತೆ ಬದುಕಿದ. ಅವರ ಭಾಷೆ ಕಲಿತ, ಅವರ ಪರವಾಗಿ ಲಂಡನ್ನಿನ ಪತ್ರಿಕೆಗೆ ಬರೆದ. 1893ರ ಯುದ್ಧದಲ್ಲಿ ಮಟಾಫಾ ಅನ್ನೋ ನಾಯಕ ಸೋತು ಗಡೀಪಾರಾದ. ಅವನ ಕಡೆಯ ಮುಖಂಡರನ್ನ ಆಪಿಯಾದ ಜೈಲಿಗೆ ಹಾಕಿದರು. ಸ್ಟೀವನ್‌ಸನ್ ಅವರನ್ನ ಹೋಗಿ ನೋಡಿದ, ಸಹಾಯ ಮಾಡಿದ. 1894ರಲ್ಲಿ ಬಿಡುಗಡೆಯಾದ ಮೇಲೆ ಆ ಮುಖಂಡರು ತಾವೇ ಬಂದು ವೈಲಿಮಾಕ್ಕೆ ಒಂದು ರಸ್ತೆ ಮಾಡಿಕೊಟ್ಟರು. ಹೆಸರು 'ಪ್ರೀತಿಯ ಹೃದಯದ ದಾರಿ' ಅಂತ. ರಸ್ತೆ ಮುಗಿದದ್ದು ಅಕ್ಟೋಬರಿನಲ್ಲಿ. ಡಿಸೆಂಬರ್ 3ರಂದು ಸ್ಟೀವನ್‌ಸನ್ ಅದೇ ಮನೆಯಲ್ಲಿ ತೀರಿಕೊಂಡ. ವಯಸ್ಸು ಬರೀ 44. ಮನೆಯ ಹಿಂದಿನ ವೇಯಾ ಬೆಟ್ಟದ ತುದಿಗೆ ದಾರಿಯೇ ಇರಲಿಲ್ಲ. ಸಮೋವನ್ನರು ಕಾಡು ಕಡಿದು ದಾರಿ ಮಾಡಿ, ಮರುದಿನ ಹೆಗಲ ಮೇಲೆ ಅವನನ್ನ ಹೊತ್ತೊಯ್ದು ಮಣ್ಣು ಮಾಡಿದರು. ನಾಲ್ಕೇ ವರ್ಷ ಅಲ್ಲಿದ್ದವನಿಗೆ.

ಮನೆ? ಸಂಸಾರ ಅದನ್ನ ಇಟ್ಟುಕೊಳ್ಳಲಿಲ್ಲ. ಜರ್ಮನ್ ವ್ಯಾಪಾರಿಯೊಬ್ಬನಿಗೆ ಹೋಯಿತು, ಆಮೇಲೆ ಜರ್ಮನ್ ಗವರ್ನರನ ಬಂಗಲೆಯಾಯಿತು, ಆಮೇಲೆ ನ್ಯೂಜಿಲೆಂಡಿನ ಅಧಿಕಾರಿಗಳದ್ದು. 1990ರಲ್ಲೂ 1991ರಲ್ಲೂ ಬಂದ ಎರಡು ಚಂಡಮಾರುತಗಳು ಅದನ್ನ ಹಾಳುಗೆಡವಿದವು. ದುರಸ್ತಿ ಮಾಡಿ, ಅವನು ಸತ್ತು ನೂರು ವರ್ಷ ತುಂಬಿದ 1994ರಲ್ಲಿ ಮ್ಯೂಸಿಯಂ ಮಾಡಿದರು.

ಈಗ ನನ್ನ ಕತೆ. ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ ಊರಿನ ಹಳೇ ಹೆಂಚಿನ ಮನೆ ಕೆಡವಿಸಿದ್ದು ನಾನೇ. ಅಪ್ಪಯ್ಯನಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಬೆಂಗಳೂರಿನಲ್ಲಿ ನೋಡಿದ ಹಾಗೆ ಸಪಾಟು ತಾರಸಿ, ಸಮುದ್ರದ ಕಡೆ ಗೋಡೆಯಷ್ಟು ದೊಡ್ಡ ಗಾಜಿನ ಕಿಟಕಿ. ಪ್ಲ್ಯಾನ್ ನಾನೇ ಕೂತು ತಿದ್ದಿದ್ದೆ. ಮೊದಲ ಮಳೆಗಾಲದಲ್ಲೇ ಪಡುವಣ ಗಾಳಿಗೆ ಕಿಟಕಿಯ ಸಂದಿನಿಂದ ನೀರು ಒಳಗೆ ಬಂತು, ತಾರಸಿ ಅಜ್ಜಿಯ ಕೋಣೆಯಲ್ಲೇ ಸೋರಿತು. ಅಪ್ಪಯ್ಯ ಫೋನಿನಲ್ಲಿ ಬೈಯಲಿಲ್ಲ. "ನಮ್ಮ ಹಳೇ ಮನೆಗೆ ಆ ಬದಿ ಕಿಟಕಿ ಯಾಕೆ ಇರ್ಲಿಲ್ಲ ಅಂತ ಈಗ ಗೊತ್ತಾಯ್ತಾ ಮಾರಾಯ?" ಅಂದರು ಅಷ್ಟೇ. ಆಮೇಲೆ ತಾರಸಿಯ ಮೇಲೆ ಶೀಟು ಹಾಕಿಸಿದ್ವಿ. ಅಜ್ಜಿ ಆ ಕೋಣೆಗೆ ಮತ್ತೆ ಹೋಗಿ ಮಲಗಲೇ ಇಲ್ಲ. ಹೋದ ವರ್ಷ ತೀರಿಕೊಳ್ಳೋವರೆಗೂ ಜಗಲಿಯ ಪಕ್ಕದ ಸಣ್ಣ ಕೋಣೆಯಲ್ಲೇ ಇದ್ದರು. ಸ್ಟೀವನ್‌ಸನ್ನನ ಅಗ್ಗಿಷ್ಟಿಕೆ ಓದಿ ನಗು ಬಂದರೂ ನನ್ನ ಗಾಜಿನ ಕಿಟಕಿ ನೆನಪಾಗಿ ಪೂರ್ತಿ ನಗಲಾಗಲಿಲ್ಲ.

ಗೆಳೆಯನಿಗೆ ಐದು ಪ್ರಶ್ನೆ ಬರೆದು ಕಳಿಸಿದೆ. ಜಮೀನು ಯಾರದ್ದು, ಮಾರುವ ಹಕ್ಕು ಅವನಿಗಿದೆಯಾ? ಬೇಸಿಗೆಯಲ್ಲಿ ನೀರು ಎಲ್ಲಿಂದ? ಗಾಳಿಮಳೆ ಯಾವ ದಿಕ್ಕಿನಿಂದ, ಕಳೆದ ಚಂಡಮಾರುತದಲ್ಲಿ ಎಲ್ಲಿಯವರೆಗೆ ನೀರು ಬಂದಿತ್ತು? ಸಂಪಾದನೆ ಎರಡು ವರ್ಷ ನಿಂತರೆ ಮನೆ ನಡೆಯುತ್ತಾ? ಪಕ್ಕದ ಮನೆಯವರು ಹೇಗೆ ಮನೆ ಕಟ್ಟಿಕೊಂಡಿದ್ದಾರೆ, ಅವರ ಜೊತೆ ಕೂತು ಮಾತಾಡಿದ್ದೀಯಾ? ಇವಕ್ಕೆಲ್ಲ ಉತ್ತರ ಸಿಕ್ಕ ಮೇಲೂ ಒಂದು ಪೂರ್ತಿ ಮಳೆಗಾಲ ಅಲ್ಲೇ ಬಾಡಿಗೆಗೆ ಇದ್ದು ಆಮೇಲೆ ಅಡ್ವಾನ್ಸ್ ಕೊಡು ಅಂತ. "ನಿನ್ನಿಂದ ಕನಸು ಕೂಡ ಕಾಣೋ ಹಾಗಿಲ್ಲ" ಅಂತ ರಿಪ್ಲೈ ಬಂತು. ಅಡ್ವಾನ್ಸ್ ಮಾತ್ರ ಇನ್ನೂ ಕೊಟ್ಟಿಲ್ಲ.

ಅಪ್ಪಯ್ಯ ಈಗ ಪಡು ಬದಿಗೆ ಒಂದು ಹೆಂಚಿನ ಮಾಡು ಇಳಿಸೋಣ ಅಂತಿದ್ದಾರೆ. ಈ ಸಲ ಪ್ಲ್ಯಾನ್ ನಾನು ಬರೆಯೋದಿಲ್ಲ. ಜೂನಿನಲ್ಲಿ ಹದಿನೈದು ದಿನ ರಜೆ ಹಾಕಿ ಊರಿಗೆ ಹೋಗ್ತೀನಿ, ಮಳೆ ಎಲ್ಲಿ ಬೀಳುತ್ತೆ ಅಂತ ಅವರ ಜೊತೆ ಕೂತು ನೋಡೋಕೆ.

ನಿಮ್ಮ ಹಳೇ ಮನೆಗಳಲ್ಲೂ ಇಂಥದ್ದೇನಾದ್ರೂ ಇದ್ದೀತು, ಇದು ಯಾಕೆ ಹೀಗೆ ಅಂತ ಕೆಡವಿದ ಮೇಲೆ ಗೊತ್ತಾಗೋದು. ಇದ್ದರೆ ಬರೀರಿ.